ಗುರುಗಳ ಇದಿರಿನಲ್ಲಿ ಸರ್ಕಸ್ಸು

ಸಂತರ ಚರಿತ್ರೆಗಳನ್ನು ಓದುವಾಗ ನಮ್ಮ ಮನಸ್ಸಿನಲ್ಲಿ ಮೂಡುವುದು ಬಹುಮಟ್ಟಿಗೆ ಒಂದೇ ಚಿತ್ರ. ಗುರುಗಳು ಪೀಠದ ಮೇಲಿರುತ್ತಾರೆ. ಜನರು ಕೆಳಗೆ ಕುಳಿತು ಮುಖವೆತ್ತಿ ನೋಡುತ್ತಿರುತ್ತಾರೆ. ಮಾತೆಲ್ಲ ಗುರುಗಳದು, ಜನರದೇನಿದ್ದರೂ ಕೈಮುಗಿಯುವ ಕೆಲಸ. ಈ ಚಿತ್ರ ತಲೆಕೆಳಗಾಗುವ ಸಂದರ್ಭಗಳು ಬಹಳ ಕಡಿಮೆ. ಸರ್ಕಸ್ಸಿನವರು ಗುರುಗಳ ಇದಿರಿಗೆ ಬಂದು ನಿಂತರೆ ಮಾತ್ರ ಅದು ಖಂಡಿತವಾಗಿ ತಲೆಕೆಳಗಾಗುತ್ತದೆ. ಆಗ ಎತ್ತರದಲ್ಲಿರುವವಳು ತಂತಿಯ ಮೇಲೆ ನಡೆಯುವ ಹುಡುಗಿ. ಮುಖವೆತ್ತಿಕೊಂಡು, ಉಸಿರು ಬಿಗಿಹಿಡಿದು ನೋಡುವವರು ಗುರುಗಳು. ಈ ವಿಚಿತ್ರ ಭೇಟಿಗಳ ವಿಷಯ ಓದುವುದೆಂದರೆ ನನಗೆ ಬಹುಕಾಲದಿಂದ ಒಂದು ಬಗೆಯ ಚಪಲ. ಏಕೆಂಬುದನ್ನು ಮುಂದೆ ಹೇಳುತ್ತೇನೆ.

ಅಂಥದೊಂದು ಭೇಟಿ ೧೮೮೨ನೆಯ ಇಸವಿಯ ನವೆಂಬರ್ ೧೫ರಂದು ಕಲ್ಕತ್ತೆಯ ಮೈದಾನದಲ್ಲಿ ನಡೆಯಿತು. ವಿಲ್ಸನ್ ಸರ್ಕಸ್ಸು ಅಲ್ಲಿ ಡೇರೆ ಹಾಕಿತ್ತು. ಶ್ರೀ ರಾಮಕೃಷ್ಣ ಪರಮಹಂಸರು ರಾಖಾಲನೇ ಮೊದಲಾದ ಕೆಲವು ಶಿಷ್ಯರೊಡನೆ ಗಾಡಿಯಲ್ಲಿ ಅಲ್ಲಿಗೆ ಹೋದರು. ಕಂಡದ್ದು ಕೇಳಿದ್ದನ್ನೆಲ್ಲ ದಿನಚರಿಯಲ್ಲಿ ಬರೆದಿಡುತ್ತಿದ್ದ ಮಹೇಂದ್ರನಾಥ ಗುಪ್ತರ ಕೃಪೆಯಿಂದ ಆ ಸಂಜೆಯ ಸಣ್ಣಪುಟ್ಟ ವಿವರಗಳೂ ನಮಗೆ ಉಳಿದಿವೆ. ಕೊಂಡ ಟಿಕೆಟ್ಟು ಎಂಟಾಣೆಯದು. ಅಂದರೆ ಎಲ್ಲಕ್ಕಿಂತ ಕಡಿಮೆಯ ದರ್ಜೆ. ಎತ್ತರದ ಬೆಂಚೊಂದರ ಮೇಲೆ ಕುಳಿತ ಪರಮಹಂಸರು, ಇಲ್ಲಿಂದ ಚೆನ್ನಾಗಿ ಕಾಣುತ್ತದೆ ಎಂದು ಮಗುವಿನ ಹಾಗೆ ಹಿಗ್ಗಿದರಂತೆ. ದೊಡ್ಡವರೆನಿಸಿಕೊಂಡವರನ್ನು ಮುಂದಿನ ಸಾಲಿನ ಸೋಫಾದಲ್ಲಿ ಕೂರಿಸದಿದ್ದರೆ ಸಭೆಯೇ ಕೆಟ್ಟಿತೆಂದು ತಿಳಿಯುವ ನಮಗೆ ಈ ಎಂಟಾಣೆಯ ಬೆಂಚನ್ನು ಒಂದು ಗಳಿಗೆ ನೆನೆದುಕೊಳ್ಳುವುದು ಒಳ್ಳೆಯದು.

ಆಟದಲ್ಲಿ ಅವರಿಗೆ ಹಿಡಿಸಿದ್ದು ಒಬ್ಬ ಆಂಗ್ಲ ಮಹಿಳೆಯ ಕುದುರೆ ಸವಾರಿ. ಕುದುರೆ ದುಂಡನೆಯ ಅಂಗಳವನ್ನು ಮಿಂಚಿನಂತೆ ಸುತ್ತುತ್ತಿತ್ತು. ಅದರ ಬೆನ್ನಿನ ಮೇಲೆ ಆಕೆ ಒಂಟಿ ಕಾಲಿನಲ್ಲಿ ನಿಂತಿದ್ದಳು. ದಾರಿಯಲ್ಲಿ ಅಲ್ಲಲ್ಲಿ ದೊಡ್ಡ ಕಬ್ಬಿಣದ ಬಳೆಗಳು ತೂಗುತ್ತಿದ್ದುವು. ಕುದುರೆ ಬಳೆಯ ಕೆಳಗೆ ಹಾಯುವಾಗ ಆಕೆ ಚಿಮ್ಮಿ ಬಳೆಯೊಳಗೆ ತೂರಿ ಮತ್ತೆ ಅದೇ ಕುದುರೆಯ ಬೆನ್ನಿನ ಮೇಲೆ ಒಂದೇ ಕಾಲಿನಲ್ಲಿ ಇಳಿಯುತ್ತಿದ್ದಳು. ಆಟ ಮುಗಿದು, ಚಳಿಗೆ ಶಾಲು ಹೊದ್ದು ಗಾಡಿಯ ಬಳಿ ನಿಂತಾಗ ಪರಮಹಂಸರು ಇದರ ಮಾತನ್ನೇ ತೆಗೆದರು. ಎಷ್ಟು ಕಾಲದ ಅಭ್ಯಾಸವಿರಬೇಕು! ಒಂದಿಷ್ಟು ಎಚ್ಚರ ತಪ್ಪಿದರೂ ಕೈಯೋ ಕಾಲೋ ಮುರಿಯುತ್ತದೆ, ಪ್ರಾಣವೂ ಹೋದೀತು. ಸಂಸಾರದಲ್ಲಿದ್ದುಕೊಂಡು ದೇವರನ್ನು ಪಡೆಯುವುದೂ ಅಷ್ಟೇ ಕಷ್ಟ, ಅದಕ್ಕೂ ಸಾಧನೆ ಬೇಕು — ಇದು ಅವರ ಮಾತಿನ ತಾತ್ಪರ್ಯ.

ಉಪಮೆ ಸೊಗಸಾಗಿದೆ, ಅದರಲ್ಲಿ ಸಂಶಯವಿಲ್ಲ. ಆಕೆಯ ಸೊಗಸನ್ನೋ ಧೈರ್ಯವನ್ನೋ ಹೊಗಳಿ ಸುಮ್ಮನಾಗದೆ, ಆ ಒಂದು ನೆಗೆತದ ಹಿಂದೆ ಇದ್ದಿರಬೇಕಾದ ವರ್ಷಗಳನ್ನು ಪರಮಹಂಸರು ಕಂಡರಲ್ಲ, ಅದು ದೊಡ್ಡದು. ಸಾಮಾನ್ಯರಾದ ನಾವು ಸರ್ಕಸ್ಸಿನಲ್ಲಿ ಕಾಣುವುದು ನೆಗೆತವನ್ನು ಮಾತ್ರ. ಆದರೂ ಈ ಪ್ರಸಂಗವನ್ನು ಓದಿದಾಗಲೆಲ್ಲ ನನಗೆ ಒಂದು ಕೊರತೆ ಕಾಡುತ್ತದೆ. ಆ ಹೆಂಗಸು ಯಾರು? ಅವಳ ಹೆಸರನ್ನು ದಿನಚರಿಯವರು ಬರೆದಿಲ್ಲ. ಡೇರೆಯ ಆ ಕಡೆ ಎತ್ತರದ ಬೆಂಚಿನಲ್ಲಿ ಕುಳಿತಿದ್ದವರು ಎಂಥವರು ಎಂಬುದು ಅವಳಿಗೆ ತಿಳಿದಿರುವ ಸಂಭವವೂ ಕಡಿಮೆ. ಅವಳು ಕುದುರೆಯಿಂದಿಳಿದು, ಬೆವರೊರಸಿಕೊಂಡು, ಮಾರನೆಯ ದಿನದ ಆಟದ ಯೋಚನೆಯಲ್ಲಿ ಮಲಗಿರಬಹುದು. ಅವಳ ಕಾಲು ಮಾತ್ರ ಅಂದಿನಿಂದ ಇಂದಿನವರೆಗೆ ಸಂಸಾರಸ್ಥರಿಗೆ ಪಾಠ ಹೇಳುತ್ತಿದೆ. ನಮ್ಮ ನಾಡಿನ ಅನುಭಾವಿಗಳು, ದಾಸರು, ಪುರಾಣಿಕರು ಕೂಡ ದೊಂಬರವನನ್ನು ಹೀಗೆಯೇ ದೃಷ್ಟಾಂತಕ್ಕೆ ಬಳಸಿಕೊಂಡು ಬಂದವರು. ಹಗ್ಗದ ಮೇಲೆ ನಡೆಯುವವನ ಏಕಾಗ್ರತೆ ಯೋಗಿಗೆ ಮಾದರಿಯಾಯಿತು. ಹಗ್ಗದ ಮೇಲಿನವನಿಗೆ ಅದರಿಂದ ಏನು ದೊರೆಯಿತು ಎಂದು ಕೇಳಿದವರುಂಟೆ?

ಇದಕ್ಕೆ ಒಂದು ಉತ್ತರ ರೋಮ್ ನಗರದಲ್ಲಿದೆ. ಅಲ್ಲಿ ಸರ್ಕಸ್ಸಿನವರೇ ಗುರುಗಳನ್ನು ಹುಡುಕಿಕೊಂಡು ಹೋಗುವ ಒಂದು ಪದ್ಧತಿ ಬೆಳೆದುಬಂದಿದೆ. ಕ್ಯಾಥೊಲಿಕ್ ಜಗತ್ತಿನ ಗುರುಗಳಾದ ಪೋಪರು ಬುಧವಾರ ಬುಧವಾರ ಜನರಿಗೆ ದರ್ಶನ ಕೊಡುತ್ತಾರಷ್ಟೆ. ಆ ಸಭೆಗೆ ಸರ್ಕಸ್ಸಿನವರು ಬರುತ್ತಾರೆ; ಬಂದು, ಕೈಮುಗಿದು ಹೋಗುವುದಕ್ಕೆ ಬದಲಾಗಿ, ತಮ್ಮ ಆಟವನ್ನು ಅಲ್ಲಿಯೇ ಆಡಿ ತೋರಿಸುತ್ತಾರೆ. ೨೦೧೦ರ ಡಿಸೆಂಬರ್ ೧೫ರಂದು ಪೆಲ್ಲೆಗ್ರಿನಿ ಸಹೋದರರೆಂಬ ನಾಲ್ವರು ಜಟ್ಟಿಗಳು ಹದಿನಾರನೆಯ ಬೆನೆಡಿಕ್ಟರ ಮುಂದೆ ಅಂಗಿ ಕಳಚಿ, ಒಬ್ಬನ ಮೇಲೊಬ್ಬ ತೋಳಿನ ಬಲದಲ್ಲಿ ನಿಂತು ತೋರಿಸಿದರು. ಬೆನೆಡಿಕ್ಟರು ಜೀವಮಾನವೆಲ್ಲ ಗ್ರಂಥಗಳ ನಡುವೆ ಕಳೆದ ಪಂಡಿತರು. ಅಂಥವರು ಬರಿಮೈಯ ಜಟ್ಟಿಗಳನ್ನು ನೋಡುತ್ತ ಕುಳಿತದ್ದು ಪತ್ರಿಕೆಗಳವರಿಗೆ ತಮಾಷೆಯಾಗಿ ಕಂಡಿತು. ನನಗೇನೋ ತಮಾಷೆಯೆನಿಸಲಿಲ್ಲ. ದೇಹವನ್ನೇ ಸಾಧನೆ ಮಾಡಿಕೊಂಡವನು ದೇವರ ಸೇವಕನಿಗೆ ದೇಹದ ಕಾಣಿಕೆಯನ್ನಲ್ಲದೆ ಮತ್ತೇನನ್ನು ಒಯ್ದಾನು? ಅದೇ ಪೋಪರು ೨೦೧೨ರ ಡಿಸೆಂಬರ್ ಮೊದಲನೆಯ ದಿನ ಸರ್ಕಸ್ಸು, ಜಾತ್ರೆ, ಬೀದಿಯಾಟಗಳ ಸಾವಿರಾರು ಜನರನ್ನು ಒಟ್ಟಾಗಿ ಬರಮಾಡಿಕೊಂಡರು.

ಹೀಗೇಕೆ? ಸರ್ಕಸ್ಸಿನವನಿಗೆ ಊರಿಲ್ಲ, ಊರಿಲ್ಲದವನಿಗೆ ಚರ್ಚೂ ಇಲ್ಲ. ಕ್ರೈಸ್ತ ಸಂಪ್ರದಾಯದಲ್ಲಿ ಮಗುವಿಗೆ ಹೆಸರಿಡುವುದಕ್ಕೆ, ಮದುವೆಗೆ, ಮಣ್ಣಿಗೆ — ಎಲ್ಲಕ್ಕೂ ನಿಮ್ಮದು ಯಾವ ಚರ್ಚು ಎಂಬ ಪ್ರಶ್ನೆ ಬರುತ್ತದೆ. ಈ ತಿಂಗಳು ಒಂದೂರು, ಮುಂದಿನ ತಿಂಗಳು ಇನ್ನೊಂದೂರು ಎಂದು ಡೇರೆ ಕಿತ್ತುಕೊಂಡು ಹೋಗುವವನು ಏನು ಹೇಳಬೇಕು? ನಮ್ಮಲ್ಲಿಯೂ ಅಲೆಮಾರಿಗಳ ಪಾಡು ಇದಕ್ಕಿಂತ ಬೇರೆಯಲ್ಲ. ಊರ ದೇವರ ತೇರಿಗೆ ಅವರ ಆಟ ಬೇಕು. ತೇರಿನ ಹಗ್ಗ ಹಿಡಿಯುವ ಮನೆತನಗಳ ಪಟ್ಟಿಯಲ್ಲಿ ಅವರ ಹೆಸರಿರುವುದಿಲ್ಲ.

೨೦೧೩ರಿಂದ ೨೦೨೫ರವರೆಗೆ ಪೋಪರಾಗಿದ್ದ ಫ್ರಾನ್ಸಿಸರಿಗೆ ಈ ಜನರಲ್ಲಿ ವಿಶೇಷವಾದ ಅಕ್ಕರೆ. ೨೦೧೬ರ ಜೂನ್ ೧೬ರಂದು ಸರ್ಕಸ್ಸು ಮತ್ತು ಜಾತ್ರೆಯಾಟದವರೆಲ್ಲ ಅವರ ಸಭಾಭವನದಲ್ಲಿ ಸೇರಿದರು. ನೀವು ಹಬ್ಬವನ್ನೂ ಬೆರಗನ್ನೂ ಚೆಲುವನ್ನೂ ಕೈಯಾರೆ ಮಾಡುವ ಕುಶಲಕರ್ಮಿಗಳು ಎಂಬರ್ಥದ ಮಾತನ್ನು ಅವರು ಅಂದು ಆಡಿದರು. ಆಮೇಲೆ ಒಂದು ಎಳೆಯ ಹುಲಿಯನ್ನು ಅವರ ಬಳಿಗೆ ತಂದರು. ಪೋಪರು ಕೈ ಚಾಚಿ ಮುಟ್ಟಿದರು. ಹುಲಿ ಸರ್ರನೆ ತಲೆ ತಿರುಗಿಸಿತು. ಪೋಪರು ಬೆಚ್ಚಿ ಹಿಂದಕ್ಕೆ ಸರಿದರು. ಆಶೀರ್ವಾದಕ್ಕೆಂದು ಎತ್ತಿದ ಕೈ ಹೆದರಿ ಹಿಂದೆಗೆದದ್ದನ್ನು ಸಭೆಯೇ ಕಂಡಿತು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಧೈರ್ಯ ಮಾಡಿ ಮೈದಡವಿದರು. ಆ ಚಿತ್ರವನ್ನು ನಾನು ಪತ್ರಿಕೆಯಿಂದ ಕತ್ತರಿಸಿ ಪುಸ್ತಕವೊಂದರಲ್ಲಿ ಇಟ್ಟುಕೊಂಡಿದ್ದೇನೆ. (ಹುಲಿಯನ್ನು ಆಟಕ್ಕೆ ಬಳಸುವುದು ನಮ್ಮ ದೇಶದಲ್ಲಿ ಆ ವೇಳೆಗಾಗಲೇ ನಿಂತುಹೋಗಿತ್ತೆಂಬುದನ್ನು ಇಲ್ಲಿ ಹೇಳಿಬಿಡುವುದು ಒಳ್ಳೆಯದು. ೧೯೯೮ರಲ್ಲಿ ಕೇಂದ್ರ ಸರಕಾರ ಕರಡಿ, ಕೋತಿ, ಹುಲಿ, ಚಿರತೆ, ಸಿಂಹಗಳನ್ನು ಪ್ರದರ್ಶನಕ್ಕೆ ಪಳಗಿಸಬಾರದೆಂದು ವಿಧಿಸಿತು. ೨೦೦೧ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಹುಲಿಯ ಪಕ್ಷದಿಂದ ನೋಡಿದರೆ ಇದು ನ್ಯಾಯವೇ ಸರಿ.)

ಫ್ರಾನ್ಸಿಸರು ಮಾಡಿದ ಇನ್ನೊಂದು ಕೆಲಸ ನನಗೆ ಹುಲಿಗಿಂತ ಹೆಚ್ಚು ಹಿಡಿಸಿತು. ರೋಮಿನ ಹತ್ತಿರ ಓಸ್ತಿಯ ಎಂಬ ಕಡಲತಡಿಯ ಊರಿದೆ. ಅಲ್ಲಿ ತೊಟ್ಟಿಲು, ರಾಟೆ, ಗುಂಡು ಹೊಡೆಯುವ ಅಂಗಡಿಗಳಿರುವ ಒಂದು ಮನರಂಜನೆಯ ತೋಟ. ಜೆನವಿಯೆವ್ ಎಂಬ ವೃದ್ಧ ಸನ್ಯಾಸಿನಿಯೊಬ್ಬರು, ಮಠದ ಗೋಡೆಗಳನ್ನು ಬಿಟ್ಟು, ಹಲವು ದಶಕಗಳಿಂದ ಈ ಆಟದ ಜನರ ನಡುವೆ ಗಾಡಿಮನೆಯೊಂದರಲ್ಲಿ ವಾಸವಾಗಿದ್ದವರು. ೨೦೨೪ರ ಜುಲೈ ೩೧ರಂದು ಪೋಪರು ತಾವೇ ಅಲ್ಲಿಗೆ ಹೋಗಿ ಆಟದವರನ್ನು ಮಾತನಾಡಿಸಿ ಬಂದರು. ಮರುವರ್ಷ ಏಪ್ರಿಲ್ ೨೧ರಂದು ಫ್ರಾನ್ಸಿಸರು ತೀರಿಕೊಂಡಾಗ, ಅವರ ಶವಪೆಟ್ಟಿಗೆಯ ಬಳಿ ಕಟ್ಟಳೆಯನ್ನು ಮೀರಿ ಹೋಗಿ, ಬೆನ್ನಿಗೊಂದು ಚೀಲ ಹಾಕಿಕೊಂಡು, ಅಳುತ್ತ ನಿಂತಿದ್ದವರು ಇವರೇ. ಅವರನ್ನು ಅಲ್ಲಿಂದ ಯಾರೂ ಕಳುಹಿಸಲಿಲ್ಲ. ಊರೂರು ಸುತ್ತುವವರ ಪರವಾಗಿ ಒಬ್ಬರಾದರೂ ಅಲ್ಲಿದ್ದಂತಾಯಿತು.

೨೦೧೮ರ ಜನವರಿ ೧೧ರಂದು ಪೋಪರ ಕಡೆಯಿಂದ ರೋಮಿನ ಬಡವರು, ಮನೆಯಿಲ್ಲದವರು, ನಿರಾಶ್ರಿತರು, ಸೆರೆಯಾಳುಗಳು ಸೇರಿ ೨,೧೦೦ ಮಂದಿಗೆ ಮೆದ್ರಾನೊ ಸರ್ಕಸ್ಸಿನಲ್ಲಿ ಆಟ ತೋರಿಸಿದ್ದೂ ಉಂಟು. ಅನ್ನದಾನ ಕೇಳಿದ್ದೇವೆ, ವಸ್ತ್ರದಾನ ಕೇಳಿದ್ದೇವೆ. ಸರ್ಕಸ್ಸುದಾನವನ್ನು ನಾನು ಕೇಳಿದ್ದು ಅದೇ ಮೊದಲು. ಬಡವನಿಗೆ ಹೊಟ್ಟೆಯ ಹಸಿವೊಂದೇ ಇರುವುದೆಂದು ತಿಳಿದ ದಾನಿಗಳೇ ಹೆಚ್ಚಾಗಿರುವ ಲೋಕದಲ್ಲಿ ಇದು ಚಿಕ್ಕ ಸಂಗತಿಯೇನಲ್ಲ.

ಈ ಪ್ರೀತಿಗೆ ಹಿಂದಿನ ಬೇರುಗಳೂ ಇವೆ. ಅಸ್ಸೀಸಿಯ ಸಂತ ಫ್ರಾನ್ಸಿಸನು ತನ್ನ ಸಂಗಡಿಗರನ್ನು ದೇವರ ವಿದೂಷಕರೆಂದು ಕರೆಯುತ್ತಿದ್ದನು. ೧೮೧೫ರಲ್ಲಿ ಇಟಲಿಯ ಹಳ್ಳಿಯೊಂದರಲ್ಲಿ ಹುಟ್ಟಿದ ಜಾನ್ ಬಾಸ್ಕೊ ಎಂಬ ಬಡಹುಡುಗ ಜಾತ್ರೆಯ ಗಾರುಡಿಗರನ್ನು ನೋಡಿ ನೋಡಿ ವಿದ್ಯೆ ಕಲಿತು, ಮರದಿಂದ ಮರಕ್ಕೆ ಹಗ್ಗ ಕಟ್ಟಿ ನಡೆಯುತ್ತಿದ್ದನಂತೆ. ನೋಡುವವರಿಂದ ಕಾಸು ಕೇಳದೆ ಪ್ರಾರ್ಥನೆಯನ್ನು ಹೇಳಿಸುತ್ತಿದ್ದನಂತೆ. ೧೯೩೪ರಲ್ಲಿ ಅವರನ್ನು ಸಂತರೆಂದು ಸಾರಿದರು. ಹದಿಮೂರನೆಯ ಶತಮಾನದ ಫ್ರೆಂಚ್ ಕಥೆಯೊಂದಂತೂ ಪ್ರಸಿದ್ಧವಾಗಿದೆ. ಮಠ ಸೇರಿದ ಲಾಗಗಾರನೊಬ್ಬನಿಗೆ ಮಂತ್ರ ಬರುವುದಿಲ್ಲ, ಹಾಡು ಬರುವುದಿಲ್ಲ. ಅವನು ಯಾರೂ ಕಾಣದಂತೆ ಮಾತೆ ಮೇರಿಯ ವಿಗ್ರಹದ ಮುಂದೆ ಲಾಗ ಹಾಕಿ ಹಾಕಿ ಬಳಲಿ ಬೀಳುತ್ತಾನೆ. ಮರೆಯಲ್ಲಿ ನಿಂತು ನೋಡಿದ ಮಠಾಧಿಪತಿಗೆ ಅವನ ಬೆವರನ್ನು ಮಾತೆಯೇ ಆರಿಸುತ್ತಿರುವುದು ಕಾಣುತ್ತದೆ.

ಹಾಗಾದರೆ ಕನ್ನಡ ನಾಡಿನಲ್ಲಿ? ಇಲ್ಲಿಯ ಹಿರಿಯ ಉದಾಹರಣೆ ಹನ್ನೆರಡನೆಯ ಶತಮಾನದ್ದು. ಸರ್ಕಸ್ಸು ಎಂಬ ಹೆಸರೇ ಆಗ ಇರಲಿಲ್ಲ. ಸರ್ಕಸ್ಸಿನವರ ಹಿರಿಯರಾದ ದೊಂಬರು, ಬಹುರೂಪಿಗಳು, ಗಾರುಡಿಗರು ಇದ್ದರು. ಬಹುರೂಪಿಯೆಂದರೆ ದಿನಕ್ಕೊಂದು ವೇಷ ಹಾಕಿ ಮನೆಮನೆಯ ಮುಂದೆ ನಿಲ್ಲುವವನು. ಇಂದು ದೇವರು, ನಾಳೆ ಭೂತ. ಇಂದು ಅರಸು, ನಾಳೆ ತಿರುಕ. ಅಂಥ ಒಬ್ಬನು ಬಸವಣ್ಣನವರ ಕಾಲದ ಶರಣರ ನೆರವಿಗೆ ಸೇರಿದನು. ಅವನೇ ಬಹುರೂಪಿ ಚೌಡಯ್ಯ. ರೇಕಣ್ಣಪ್ರಿಯ ನಾಗಿನಾಥನೆಂಬ ಅಂಕಿತದಲ್ಲಿ ಅವನ ವಚನಗಳು ನಮಗೆ ದೊರೆತಿವೆ. ಡಕ್ಕೆ ಬಾರಿಸುತ್ತಿದ್ದ ಡಕ್ಕೆಯ ಬೊಮ್ಮಣ್ಣ, ನಗಿಸುವುದನ್ನೇ ಕಾಯಕ ಮಾಡಿಕೊಂಡಿದ್ದ ನಗೆಯ ಮಾರಿತಂದೆ ಇವರೂ ಅದೇ ಸಾಲಿನವರು. ಅಲ್ಲಮಪ್ರಭುಗಳೇ ಮೊದಲು ಮದ್ದಳೆ ಬಾರಿಸುತ್ತಿದ್ದವರಲ್ಲವೇ!

ಇಲ್ಲಿ ನಾನು ಮುಖ್ಯವಾಗಿ ಗಮನಿಸುವುದು ಹೆಸರುಗಳನ್ನು. ಚೌಡಯ್ಯನು ಶರಣನಾದ ಮೇಲೆ ಬಹುರೂಪಿ ಎಂಬ ಮಾತು ಅವನ ಹೆಸರಿನಿಂದ ಉದುರಿಹೋಗಲಿಲ್ಲ. ಆಟ ಬಿಟ್ಟು ಬಾ, ಆಮೇಲೆ ಪಕ್ಕದಲ್ಲಿ ಕುಳಿತುಕೊ ಎಂದು ಅವನಿಗೆ ಯಾರೂ ಹೇಳಿದಂತಿಲ್ಲ. ಅವನ ಆಟವೇ ಕಾಯಕವೆನಿಸಿತು. ಕಲ್ಕತ್ತೆಯ ಆ ಹೆಂಗಸು ಉಪಮೆಯಾದಳು; ಕಲ್ಯಾಣದ ಈ ಬಹುರೂಪಿ ತಾನೇ ಬಾಯಿ ತೆರೆದು ಮಾತನಾಡಿದನು, ತನ್ನ ವೃತ್ತಿಯ ಮಾತುಗಳಲ್ಲಿಯೇ ತನ್ನ ಶಿವನನ್ನು ಕರೆದನು. ಎಂಟು ನೂರು ವರ್ಷಗಳ ತರುವಾಯ ನಾವು ಓದುತ್ತಿರುವುದು ಅವನು ಆಡಿದ ಮಾತನ್ನು. ವೇಷಗಾರನ ಬಗ್ಗೆ ಗುರುಗಳು ಏನೆಂದರೆಂಬುದು ಅಲ್ಲಿ ಎರಡನೆಯ ವಿಷಯ.

ನಮ್ಮ ಕಾಲಕ್ಕೆ ಬಂದರೆ, ಚಿಕ್ಕಬಳ್ಳಾಪುರದ ದಾರಿಯಾಗಿ ಹೋದರೆ ಸಿಗುವ ಪುಟ್ಟಪರ್ತಿಯಲ್ಲಿ, ಪ್ರತಿ ಜನವರಿ ತಿಂಗಳ ಕ್ರೀಡೋತ್ಸವದಲ್ಲಿ ಸತ್ಯಸಾಯಿಬಾಬಾ ಅವರ ಇದಿರಿಗೆ ಅವರ ಕಾಲೇಜಿನ ಹುಡುಗರು ಲಾಗ ಹಾಕುವುದು, ಮೋಟಾರು ಸೈಕಲ್ಲಿನ ಸಾಹಸ ಮಾಡುವುದು ನಡೆಯುತ್ತಿತ್ತು. ೨೦೧೧ರಲ್ಲಿ ಬಾಬಾ ತೀರಿಕೊಂಡರು. ಆ ಹುಡುಗರ ಭಕ್ತಿ ದೊಡ್ಡದೇ. ಆದರೆ ಆಟ ಮುಗಿದ ಮೇಲೆ ಅವರು ತಮ್ಮ ಪುಸ್ತಕಗಳಿಗೆ ಹಿಂದಿರುಗುತ್ತಿದ್ದರು. ಸರ್ಕಸ್ಸಿನವಳು ಹಿಂದಿರುಗುವುದು ಮತ್ತೆ ಅದೇ ತಂತಿಗೆ. ಮ್ಯಾಟಿನಿಗೆ ಒಮ್ಮೆ, ರಾತ್ರಿಗೆ ಒಮ್ಮೆ. ಹೊಟ್ಟೆಪಾಡಿಗಾಗಿ ಪ್ರಾಣವನ್ನು ಪಣಕ್ಕಿಡುವವನು ಗುರುಗಳ ಮುಂದೆ ನಿಂತಾಗ ಆ ಭೇಟಿಗೆ ಬೇರೆಯೇ ತೂಕ ಬರುತ್ತದೆ ಎಂದು ನನ್ನ ಭಾವನೆ.

ಈ ಭಾವನೆ ನನಗೆ ಪುಸ್ತಕದಿಂದ ಬಂದುದಲ್ಲ. ನಮ್ಮದು ಕೋರಮಂಡಲ್. ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಹೋಗುವ ರೈಲಿನಲ್ಲಿ ಕಿಟಕಿಯ ಬಳಿ ಕುಳಿತವರಿಗೆ ಒಂದು ಗಳಿಗೆ ಕಂಡು ಮಾಯವಾಗುವ ಊರು. ಅಪ್ಪ ಗಣಿಯಲ್ಲಿ ಕೆಲಸಕ್ಕಿದ್ದರು. ೧೮೮೦ರಲ್ಲಿ ಜಾನ್ ಟೇಲರ್ ಕಂಪನಿಯವರು ಕೈಯಿಟ್ಟ ಕೋಲಾರದ ಚಿನ್ನದ ಗಣಿಗಳು ಎಷ್ಟು ಹೆಸರಾಂತವೆಂಬುದನ್ನು ಈ ಪತ್ರಿಕೆಯ ಓದುಗರಿಗೆ ವಿವರಿಸಬೇಕಾಗಿಲ್ಲ. ೧೯೦೨ರಲ್ಲಿಯೇ ಶಿವನಸಮುದ್ರದಿಂದ ಇಲ್ಲಿಗೆ ವಿದ್ಯುತ್ತು ಬಂತು. ಚಾಂಪಿಯನ್ ರೀಫ್ ಗಣಿ ನೆಲದಡಿಗೆ ಮೂರು ಕಿಲೋಮೀಟರಿಗೂ ಮಿಕ್ಕು ಇಳಿಯಿತು. ಆ ಆಳದಲ್ಲಿ ಬಂಡೆ ಕಾದ ಹೆಂಚಿನಂತಿರುತ್ತದೆ. ಒಮ್ಮೊಮ್ಮೆ ಬಂಡೆ ತಾನಾಗಿಯೇ ಸಿಡಿಯುತ್ತದೆ. ಸಿಡಿದರೆ ಮೇಲೆ ಮನೆಗಳಲ್ಲಿ ಪಾತ್ರೆಗಳು ಅಲುಗುತ್ತಿದ್ದುವು. ಆಗ ಅಮ್ಮ ಒಲೆಯ ಮುಂದಿನಿಂದ ಎದ್ದು ಬಾಗಿಲಿಗೆ ಬಂದು ನಿಲ್ಲುವಳು. ಅಕ್ಕಪಕ್ಕದ ಹೆಂಗಸರೂ ಬಂದು ನಿಲ್ಲುವರು. ಯಾರೂ ಮಾತನಾಡುತ್ತಿರಲಿಲ್ಲ. ಕೇಜಿನಲ್ಲಿ ಕಾಲಿಡುವ ಮುಂಚೆ ಅದರ ಕಂಬಿಯನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದು ಅಪ್ಪನ ಪದ್ಧತಿ. ಆತ ಮನೆಯಲ್ಲಿ ಅಷ್ಟಾಗಿ ದೇವರಿಗೆ ಕೈಮುಗಿಯುತ್ತಿದ್ದವರಲ್ಲ.

ನಾನು ಚಿಕ್ಕವನಾಗಿದ್ದಾಗ ಒಂದು ವರ್ಷ ಊರ ಮೈದಾನದಲ್ಲಿ ಸರ್ಕಸ್ಸು ಬಂದಿತ್ತು. ಅಪ್ಪ ಹಗಲು ಪಾಳಿ ಮುಗಿಸಿ, ಮೈ ತೊಳೆದುಕೊಂಡು, ನನ್ನನ್ನು ರಾತ್ರಿಯ ಆಟಕ್ಕೆ ಕರೆದುಕೊಂಡು ಹೋದರು. ನಮ್ಮದೂ ಕಡೆಯ ದರ್ಜೆಯ ಹಲಗೆಯೇ. ಉಯ್ಯಾಲೆಯಾಟದ ಹುಡುಗಿ ಹೊಳೆಯುವ ಬಟ್ಟೆ ತೊಟ್ಟು ಓಡಿಬಂದಳು. ಹಗ್ಗದ ಏಣಿಯನ್ನು ಹತ್ತುವ ಮೊದಲು ಅವಳು ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. ನಾನು ಅಪ್ಪನ ಮುಖ ನೋಡಿದೆ. ಅಪ್ಪ ಅವಳನ್ನು ನೋಡುತ್ತಿರಲಿಲ್ಲ.

“ಎಲ್ಲಾರೂ ಆ ಹುಡುಗೀನೇ ನೋಡ್ತಾವ್ರೆ. ನೀನು ಅಲ್ಲಿ ನೋಡು, ಆ ಗೂಟದ ಹತ್ರ ಕೂತವ್ನಲ್ಲ, ಅವನ್ನ” ಎಂದರು.

ಡೇರೆಯ ಅಂಚಿನ ಕತ್ತಲೆಯಲ್ಲಿ ಖಾಕಿ ಚಡ್ಡಿಯ ಮುದುಕನೊಬ್ಬ, ಮೇಲಿನ ಉಯ್ಯಾಲೆಯ ತಂತಿಗಳನ್ನು ಬಿಗಿದ ಗೂಟಗಳ ಬಳಿ ಒಂದೊಂದಾಗಿ ಹೋಗಿ, ಕೈಯಿಂದ ತಂತಿಯನ್ನು ಮೀಟಿ, ಸುತ್ತಿಗೆಯಿಂದ ಗೂಟಕ್ಕೆ ಒಂದೊಂದು ಏಟು ಹಾಕಿ ಬರುತ್ತಿದ್ದನು. ಹುಡುಗಿ ಮೇಲೆ ಹಾರುವಷ್ಟು ಹೊತ್ತೂ ಅವನು ತಲೆಯೆತ್ತಲಿಲ್ಲ. ಅವನ ಕಣ್ಣು ಗೂಟದ ಮೇಲೆಯೇ ಇತ್ತು. ಅಪ್ಪನ ಕಣ್ಣು ಅವನ ಮೇಲೆ. ಕೇಜನ್ನು ಇಳಿಸಿ ಏರಿಸುವ ಯಂತ್ರದ ಮನೆಯಲ್ಲಿ ಗಂಟೆಯ ಸದ್ದಿಗೆ ಕಿವಿಗೊಟ್ಟು ಕುಳಿತಿರುವ ಡ್ರೈವರನ್ನೂ, ಸುರಂಗದ ಮಾಡಿಗೆ ಮರದ ಆಸರೆ ಕೊಡುವವನನ್ನೂ ದಿನವೂ ನಂಬಿ ಕೆಳಗಿಳಿಯುವ ಮನುಷ್ಯ ಸರ್ಕಸ್ಸನ್ನು ಬೇರೆ ಹೇಗೆ ತಾನೆ ನೋಡಿಯಾನು?

೨೦೦೧ರ ಫೆಬ್ರವರಿ ೨೮ರಂದು ಗಣಿ ಮುಚ್ಚಿತು. ಅಪ್ಪ ಆಮೇಲೆ ಎಷ್ಟೋ ಜನರಂತೆ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಕೂಲಿಗೆ ಹೋಗಿಬರುತ್ತಿದ್ದರು. ಕೆಮ್ಮು ಹೆಚ್ಚಾದ ಮೇಲೆ ಮನೆಯಲ್ಲಿಯೇ ಉಳಿದರು. ಸರ್ಕಸ್ಸುಗಳೂ ಆ ಹೊತ್ತಿಗೆ ಬಡವಾಗುತ್ತ ಬಂದಿದ್ದುವು. ಮೃಗಗಳು ಹೋದ ಸಂಗತಿಯನ್ನು ಆಗಲೇ ಹೇಳಿದೆ. ೨೦೧೧ರಲ್ಲಿ ಮಕ್ಕಳನ್ನೂ ಸರ್ಕಸ್ಸಿನಲ್ಲಿ ದುಡಿಸಬಾರದೆಂದು ಸರ್ವೋಚ್ಚ ನ್ಯಾಯಾಲಯ ಹೇಳಿತು. ಅದು ಆಗಬೇಕಾದುದೇ. ಆದರೂ ೧೮೮೦ರಲ್ಲಿ ವಿಷ್ಣುಪಂತ ಛತ್ರೆಯವರು ಮುಂಬಯಿಯಲ್ಲಿ ನಮ್ಮವರದೇ ಆದ ಮೊದಲ ಸರ್ಕಸ್ಸನ್ನು ತೆರೆದ ದಿನದಿಂದ, ಕೀಲೇರಿ ಕುಞಿಕಣ್ಣನ್ ಅವರು ತಲಶ್ಶೇರಿಯಲ್ಲಿ ತಯಾರು ಮಾಡಿದ ಹುಡುಗ ಹುಡುಗಿಯರವರೆಗೆ, ಹಿಂದಿನವರು ಕಟ್ಟಿದ ವಿದ್ಯೆ ಕರಗುತ್ತಿರುವುದು ನಿಜ. ಛತ್ರೆಯವರ ಸರ್ಕಸ್ಸು ಮತ್ತು ನಮ್ಮ ಗಣಿಯ ಕಂಪನಿ ಎರಡೂ ಒಂದೇ ಇಸವಿಯಲ್ಲಿ ಹುಟ್ಟಿದವು ಎಂಬುದು ಆಕಸ್ಮಿಕವಷ್ಟೇ. ಆದರೂ ನನಗೆ ಅದನ್ನು ಮರೆಯಲಾಗುವುದಿಲ್ಲ.

ಒಂದು ಸಂಜೆ ಅಪ್ಪನಿಗೆ ಈ ಪೋಪರು, ಪರಮಹಂಸರು, ಚೌಡಯ್ಯ ಎಲ್ಲರ ಕಥೆಯನ್ನೂ ಹೇಳಿದೆ. ಜಗಲಿಯ ಮೇಲೆ ಗೋಡೆಗೊರಗಿ ಕುಳಿತು ಕೇಳಿದರು. ದೂರದಲ್ಲಿ ಸಯನೈಡ್ ದಿಬ್ಬದ ಮೇಲೆ ಬಿಸಿಲು ಇಳಿಯುತ್ತಿತ್ತು. ಬಹಳ ಹೊತ್ತಿನ ಮೇಲೆ ಹೀಗೆಂದರು:

“ಸರ್ಕಸ್ನೋರು ಪುಣ್ಯವಂತ್ರು ಕಣಪ್ಪಾ. ಅವರ ಕೆಲಸಾನ ತಗೊಂಡೋಗಿ ಯಾರ ಮುಂದೆ ಬೇಕಾದ್ರೂ ಮಾಡಿ ತೋರಿಸ್ಬೋದು. ನಮ್ಮ ಕೆಲಸ ಮೇಲಕ್ಕೆ ಬರ್ತಿರಲಿಲ್ಲವಲ್ಲ.”

ನಾನು ಅಲ್ಲಿಯವರೆಗೆ ಇದನ್ನು ಯೋಚಿಸಿರಲಿಲ್ಲ. ಗಣಿಯಿಂದ ಮೇಲಕ್ಕೆ ಬಂದದ್ದು ಚಿನ್ನ. ಕೆಲಸ ಕೆಳಗೇ ಉಳಿಯಿತು. ಬಂಡೆಗೆ ಕಿವಿಯಿಟ್ಟು ಅದರ ಸದ್ದಿನಿಂದಲೇ ಅದು ನಿಲ್ಲುತ್ತದೆಯೋ ಬೀಳುತ್ತದೆಯೋ ಎಂದು ಹೇಳಬಲ್ಲವರು ನಮ್ಮ ಕೇರಿಯಲ್ಲಿದ್ದರು. ಆ ವಿದ್ಯೆಗೆ ಒಂಟಿ ಕಾಲಿನ ಸವಾರಿಯಷ್ಟೇ ಅಭ್ಯಾಸ ಬೇಕು. ಎಚ್ಚರ ತಪ್ಪಿದರೆ ಆಗುವ ಹಾನಿಯೂ ಅಷ್ಟೇ. ಆದರೆ ಅದಕ್ಕೆ ಪ್ರೇಕ್ಷಕರಿಲ್ಲ, ಎಂಟಾಣೆಯ ಬೆಂಚಿಲ್ಲ. ಯಾವ ಪರಮಹಂಸರು ಬಂದು ಕುಳಿತಿದ್ದರೂ ಮೂರು ಕಿಲೋಮೀಟರ್ ಕೆಳಗಿನ ಕತ್ತಲೆಯಲ್ಲಿ ನಡೆಯುವುದು ಅವರಿಗೆ ಕಾಣುತ್ತಿರಲಿಲ್ಲ. ಸರ್ಕಸ್ಸಿನವನನ್ನು ಉಪಮೆ ಮಾಡಿ ಬಿಟ್ಟರಲ್ಲ ಎಂದು ನಾನು ಗುರುಗಳ ಮೇಲೆ ಮುನಿಸಿಕೊಂಡಿದ್ದೆ. ಉಪಮೆಯಾಗುವ ಭಾಗ್ಯವೂ ಇಲ್ಲದವರ ಮನೆಯಲ್ಲಿ ಕುಳಿತು ಮುನಿಸಿಕೊಂಡಿದ್ದೆ.

ಏನು ಹೇಳಬೇಕೆಂದು ತೋಚದೆ ಒಳಗೆ ಹೋಗಿ, ಪುಸ್ತಕದಲ್ಲಿಟ್ಟಿದ್ದ ಪೋಪರ ಮತ್ತು ಹುಲಿಯ ಚಿತ್ರವನ್ನು ತಂದು ಕೊಟ್ಟೆ. ಅಪ್ಪ ಕನ್ನಡಕ ಹಾಕಿಕೊಂಡು, ಕಾಗದವನ್ನು ಬೆಳಕಿನ ಕಡೆಗೆ ಹಿಡಿದು, ಹತ್ತಿರ ತಂದು ದೂರ ಹಿಡಿದು ನೋಡಿದರು. ಪೋಪರ ಮುಖದ ಮೇಲಾಗಲಿ ಹುಲಿಯ ಮೇಲಾಗಲಿ ಅವರ ಕಣ್ಣು ಬಹಳ ಹೊತ್ತು ನಿಲ್ಲಲಿಲ್ಲ. ಚಿತ್ರದ ಅಂಚಿನಲ್ಲಿ ಬೆರಳಿಟ್ಟು ಏನನ್ನೋ ಹುಡುಕಿದರು.

“ಇದರ ಹಗ್ಗ ಹಿಡಿದಿರೋನು ಯಾರು?” ಎಂದು ಕೇಳಿದರು.

ಪತ್ರಿಕೆಯವರು ಹೆಸರು ಹಾಕಿಲ್ಲ ಎಂದೆ. ಅಪ್ಪ ಹೂಂಗುಟ್ಟಿ, ಚಿತ್ರವನ್ನು ಹಿಂದಕ್ಕೆ ಕೊಡದೆ, ಮಡಿಸಿ ತಮ್ಮ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡರು.